ಎಡಗೈಗೆ ಕೆಲಸ ತಪ್ಪಿದ ಮೇಲೆ

ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆ ಏರಿನಲ್ಲಿ ನನ್ನ ಹಳೆಯ ಸೈಕಲ್ಲಿನ ಚೈನು ಕಳಚಿದ್ದಕ್ಕೆ ಲೆಕ್ಕವಿಲ್ಲ. ಮೂರು ಚೈನ್‌ರಿಂಗ್‌ಗಳಲ್ಲಿ ನಡುವಿನದರಿಂದ ಚಿಕ್ಕದಕ್ಕೆ ಇಳಿಸೋಣವೆಂದು ಎಡಗೈ ಲಿವರ್ ಒತ್ತಿದರೆ, ಪೆಡಲಿನ ಮೇಲೆ ಭಾರ ಬಿದ್ದ ಚೈನು ಮೊದಲು ಹಟ ಹಿಡಿಯುತ್ತದೆ. ಆಮೇಲೆ ಒಮ್ಮೆಲೇ ಜಾರಿ ಫ್ರೇಮಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಗ್ರೀಸು ಮೆತ್ತಿದ ಬೆರಳಲ್ಲಿ ಅದನ್ನು ಕೀಳುತ್ತಾ ಬೈದುಕೊಂಡವರಿಗೆ, 2012ರಲ್ಲಿ ಬಂದ ಸ್ರ್ಯಾಮ್ ಕಂಪನಿಯ ಎಕ್ಸ್‌ಎಕ್ಸ್ ಒನ್ ಗೇರ್ ವ್ಯವಸ್ಥೆ ವರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಂದೆ ಒಂದೇ ಚೈನ್‌ರಿಂಗ್, ಹಿಂದೆ 10ರಿಂದ 42 ಹಲ್ಲಿನವರೆಗೆ ಹನ್ನೊಂದು ಗೇರು.

ಇದರ ಉಪಾಯ ನಿಜಕ್ಕೂ ಚೆಂದ. ಚೈನಿನ ಕೊಂಡಿಗಳಲ್ಲಿ ಒಂದು ಅಗಲ, ಮುಂದಿನದು ಕಿರಿದು. ಚೈನ್‌ರಿಂಗ್‌ನ ಹಲ್ಲುಗಳನ್ನೂ ಅದೇ ಸರದಿಯಲ್ಲಿ ಒಂದು ದಪ್ಪ, ಒಂದು ತೆಳು ಮಾಡಿದರು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಕ್ಲಚ್ ಚೈನು ಕುಣಿಯದಂತೆ ಹಿಡಿದುಕೊಂಡಿತು. ಮುಂದಿನ ಡಿರೇಲರ್ ಹೋದ ಜಾಗ ಸಸ್ಪೆನ್ಷನ್ ವಿನ್ಯಾಸಕಾರರಿಗೆ ಸಿಕ್ಕಿತು. ಕೆಲಸ ತಪ್ಪಿದ ಎಡಗೈಗೆ ಸೀಟು ಇಳಿಸುವ ಡ್ರಾಪರ್ ಲಿವರ್ ಬಂತು. ಕಡಿದಾದ ಇಳಿಜಾರಿನಲ್ಲಿ ಅದರ ಬೆಲೆ ತಿಳಿಯುತ್ತದೆ.

ಗೇರು ಕಡಿಮೆಯಾಯಿತಲ್ಲ ಎಂಬ ಕೊರಗು ಲೆಕ್ಕಕ್ಕೆ ಪೂರ್ತಿ ನಿಲ್ಲುವುದಿಲ್ಲ. ಹಳೆಯ 22 ಹಲ್ಲಿನ ಚೈನ್‌ರಿಂಗ್‌ಗೆ ಹಿಂದಿನ 34 ಜೊತೆಯಾದರೆ ಪೆಡಲಿನ ಒಂದು ಸುತ್ತಿಗೆ ಗಾಲಿ 0.65 ಸುತ್ತು, ಅದೇ ಕಂಪನಿ 2016ರಲ್ಲಿ ತಂದ ಹನ್ನೆರಡು ಗೇರಿನ ಈಗಲ್‌ನಲ್ಲಿ ಮುಂದೆ 32, ಹಿಂದೆ 50 ಇದ್ದರೆ 0.64. ಆದರೆ ಗಾಲಿ 26 ಇಂಚಿನಿಂದ 29ಕ್ಕೆ ಬೆಳೆದಿದೆ, ಹಾಗಾಗಿ ಏರು ಇನ್ನೂ ತುಸು ಭಾರವೇ. 30ರ ಚೈನ್‌ರಿಂಗ್ ಹಾಕಿ ಅದನ್ನು ಹಗುರ ಮಾಡಿಕೊಂಡರೆ, ಮೇಲಿನ ವೇಗದಲ್ಲಿ ಕಳೆದುಕೊಳ್ಳುತ್ತೀರಿ. ಹಳೆಯದರಲ್ಲಿ 44ಕ್ಕೆ 11 ಸೇರಿದಾಗ ಗಾಲಿಗೆ ನಾಲ್ಕು ಸುತ್ತು ಸಿಗುತ್ತಿತ್ತು. 32ಕ್ಕೆ 10 ಸೇರಿದರೂ 3.2 ಮಾತ್ರ. ಕಾಡಿನೊಳಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಕನಕಪುರ ರಸ್ತೆಯ ಡಾಂಬರಿನಲ್ಲಿ ಮನೆಗೆ ಮರಳುವಾಗ ಬರುತ್ತದೆ. ಗೇರುಗಳ ನಡುವಿನ ಅಂತರವೂ ಆಗಲೇ ಕಾಡುತ್ತದೆ: ಹತ್ತರಿಂದ ಹನ್ನೆರಡು ಹಲ್ಲಿಗೆ ಹಾರಿದರೆ ಒಂದು ಗೇರು ಭಾರ, ಇನ್ನೊಂದು ಪೊಳ್ಳು, ಕಾಲಿಗೆ ಹಿತವಾದದ್ದು ನಡುವೆ ಎಲ್ಲೋ ತಪ್ಪಿಹೋಗಿರುತ್ತದೆ.

ಇದು ಸರಳವೆಂದು ಹೊಗಳುವ ಮಾತಿಗೆ ಮಾತ್ರ ನನ್ನ ತಕರಾರಿದೆ. ಮುಂದಿನ ಗೋಜಲು ತೊಲಗಲಿಲ್ಲ, ಹಿಂದಕ್ಕೆ ವಲಸೆ ಹೋಯಿತು. 50 ಹಲ್ಲಿನ ಚಕ್ರದಲ್ಲಿ ಚೈನು ಓರೆಯಾಗಿ ಕೂತಿರುತ್ತದೆ. ಬಂಡೆಯ ಮುಂದೆ ಪೆಡಲು ಸರಿಮಾಡಿಕೊಳ್ಳಲು ಅರ್ಧ ಸುತ್ತು ಹಿಂದಕ್ಕೆ ತುಳಿದರೆ ಕೆಲವು ಸೈಕಲ್ಲುಗಳಲ್ಲಿ ಚೈನು ಪಕ್ಕದ ಚಿಕ್ಕ ಚಕ್ರಕ್ಕೆ ಜಾರುತ್ತದೆ. ಉದ್ದನೆಯ ಡಿರೇಲರ್ ನೆಲಕ್ಕೆ ಹತ್ತಿರ ನೇತಾಡುತ್ತದೆ. ಕಲ್ಲಿಗೆ ತಗುಲಿ ಅದನ್ನು ಹೊತ್ತ ಹ್ಯಾಂಗರ್ ಕೂದಲೆಳೆಯಷ್ಟು ಬಾಗಿದರೂ ಹನ್ನೆರಡು ಗೇರುಗಳ ತಾಳ ತಪ್ಪುತ್ತದೆ. ನನ್ನ ಕಾಡಿನ ಸೈಕಲ್ಲಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಸೆಟ್ಟಿನಲ್ಲಿ, ಸವೆದದ್ದು ಎರಡೇ ಚಕ್ರ. ಅಂಗಡಿಯವ ನೋಡಿ, “ಪೂರಾ ಸೆಟ್ಟೇ ಹಾಕ್ಬೇಕು ಸಾರ್” ಅಂದ. ಅವನು ಹೇಳಿದ ಬೆಲೆಗೆ ನನ್ನ ಅಪ್ಪ ಅಟ್ಲಾಸ್ ಸೈಕಲ್ಲು ಕೊಂಡು, ಮಿಕ್ಕ ದುಡ್ಡಲ್ಲಿ ಊರಿಗೆಲ್ಲ ಊಟ ಹಾಕಿಸುತ್ತಿದ್ದರು. ಆ ಅಟ್ಲಾಸಿಗೂ ಮುಂದೆ ಒಂದೇ ಹಲ್ಲುಚಕ್ರವಿತ್ತು, ಹಿಂದೆಯೂ ಒಂದೇ.

ಕಾಡಿನ ಸೈಕಲ್ಲಿಗೆ ಒಂಟಿ ಚೈನ್‌ರಿಂಗೇ ಸರಿ. ಅದರಲ್ಲಿ ನನಗೆ ಅನುಮಾನವಿಲ್ಲ. ಕಾಡನ್ನೇ ಕಾಣದೆ ದಿನವೂ ಡಾಂಬರು ತುಳಿಯುವ ಸೈಕಲ್ಲಿಗೂ ಫ್ಯಾಷನ್ನಿಗಾಗಿ ಅದನ್ನೇ ತಗುಲಿಸುವುದು ಒಪ್ಪತಕ್ಕದ್ದಲ್ಲ. ನಾನು ಆಫೀಸಿಗೆ ಹೋಗುವ ಹಳೆಯ ಸೈಕಲ್ಲಿನಲ್ಲಿ ಮೂರೂ ಹಾಗೇ ಇವೆ. ಅದರ ಎಡಗಡೆ ಕೇಬಲ್ಲನ್ನು ಮೊನ್ನೆಯಷ್ಟೇ ಹೊಸದು ಹಾಕಿಸಿದೆ.