ಪವರ್‌ಸೆಂಟರ್‌ನ ಅಚ್ಚುಕಟ್ಟು ಯಾರದು?

ಇನ್ಫರ್ಮ್ಯಾಟಿಕಾದ ಪವರ್‌ಸೆಂಟರ್ ಇನ್ನೂ ಮೂಲೆ ಸೇರಿಲ್ಲ. ಆದರೂ ಅದಕ್ಕೆ ಶ್ರದ್ಧಾಂಜಲಿ ಸಲ್ಲಿಸುವವರು ಈಗಾಗಲೇ ಸಾಲುಗಟ್ಟಿದ್ದಾರೆ. ಎಲ್ಲರೂ ಕ್ಲೌಡ್‌ಗೆ ಗಂಟುಮೂಟೆ ಕಟ್ಟುತ್ತಿದ್ದಾರೆ, 2025ರಲ್ಲಿ ಕಂಪನಿಯೇ ಸೇಲ್ಸ್‌ಫೋರ್ಸ್‌ನ ಪಾಲಾಯಿತು. ಇನ್ನು ಕೇಳಬೇಕೆ? ಬೆಂಗಳೂರಿನ ಹಿರಿಯ ಇಟಿಎಲ್ ಮಂದಿ ಸೇರಿದ ಕಡೆಯೆಲ್ಲ ಒಂದೇ ಪಲ್ಲವಿ: ಆ ಕಾಲದ ಶಿಸ್ತೇ ಬೇರೆ, ಪ್ರಾಜೆಕ್ಟಿಗೊಂದು ಫೋಲ್ಡರ್, ಎಲ್ಲವೂ ಒಂದೇ ರೆಪಾಸಿಟರಿಯಲ್ಲಿ, ಯಾವುದು ಎಲ್ಲಿದೆಯೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಹುದಿತ್ತು. ಎಂಜಿನ್ ಗಟ್ಟಿಯಾಗಿತ್ತು ಎಂದರೆ ನನ್ನ ತಕರಾರಿಲ್ಲ. ಪ್ರಾಜೆಕ್ಟುಗಳನ್ನು ಓರಣವಾಗಿಡುವ ವಿಚಾರದಲ್ಲಿ ಅದಕ್ಕೆ ಸಿಕ್ಕ ಹೆಸರು ಮಾತ್ರ ಅದು ದುಡಿದು ಗಳಿಸಿದ್ದಲ್ಲ.

ಮ್ಯಾಪಿಂಗ್, ಸೆಷನ್, ವರ್ಕ್‌ಫ್ಲೋ ಎಂದರೇನೆಂದು ವಿವರಿಸುತ್ತ ಕೂರುವುದಿಲ್ಲ. ಫೋಲ್ಡರ್ ಎಂದರೇನು ಎಂಬುದನ್ನು ಮಾತ್ರ ನೋಡೋಣ. ಒಬ್ಬ ಓನರ್, ಯಾರು ಓದಬಹುದು ಯಾರು ತಿದ್ದಬಹುದು ಎಂಬ ಪರ್ಮಿಷನ್, ಒಳಗೊಂದಿಷ್ಟು ಆಬ್ಜೆಕ್ಟುಗಳು. ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಮಾಡಲು ಬರುವುದಿಲ್ಲ. ಒಳಗಿರುವುದು ಯಾವ ಡೇಟಾಬೇಸಿನ ಮೇಲೆ ಓಡುತ್ತದೆ, ಯಾವ ತಾರೀಕಿನ ಡೇಟಾ ಎತ್ತುತ್ತದೆ, ರಾತ್ರಿ ಅದನ್ನು ಯಾರು ಎಬ್ಬಿಸುತ್ತಾರೆ ಎಂಬ ಸುದ್ದಿಯೇ ಫೋಲ್ಡರಿಗಿಲ್ಲ. ಡೇಟಾಬೇಸ್ ಕನೆಕ್ಷನ್‌ಗಳಿರುವುದು ರೆಪಾಸಿಟರಿ ಮಟ್ಟದಲ್ಲಿ. ಈ ಏರ್ಪಾಟು ಒಳ್ಳೆಯದೇ: ಡೆವ್, ಯುಎಟಿ, ಪ್ರೊಡಕ್ಷನ್ ಮೂರರಲ್ಲೂ ಕನೆಕ್ಷನ್ನಿಗೆ ಒಂದೇ ಹೆಸರಿಟ್ಟರೆ ಸೆಷನ್ ಮುಟ್ಟದೆ ಸಾಗಿಸಬಹುದು. ಮಿಕ್ಕದ್ದೆಲ್ಲ ಎಲ್ಲಿದೆ? ಪ್ಯಾರಾಮೀಟರ್ ಫೈಲಿನಲ್ಲಿ. ಹೊಗಳುಭಟರು ಯಾರೂ ಬಿಚ್ಚಿ ನೋಡದ ಜಾಗ ಅದೇ.

ತೀರಾ ಸಾಮಾನ್ಯವಾದ ಮ್ಯಾಪಿಂಗ್ ಒಂದನ್ನು ತೆಗೆದುಕೊಳ್ಳಿ. ನಿನ್ನೆ ರಾತ್ರಿ ಯಾವ ವಹಿವಾಟು ಸಂಖ್ಯೆಯವರೆಗೆ ಲೋಡ್ ಆಗಿದೆಯೋ ಅದಕ್ಕಿಂತ ದೊಡ್ಡ ಸಂಖ್ಯೆಯ ಸಾಲುಗಳನ್ನಷ್ಟೇ ಇವತ್ತು ಎತ್ತಬೇಕು. ಆ ಸಂಖ್ಯೆ, ಹೆಸರಿನ ಮುಂದೆ ಎರಡು ಡಾಲರ್ ಗುರುತು ಹೊತ್ತ ಒಂದು ಮ್ಯಾಪಿಂಗ್ ಪ್ಯಾರಾಮೀಟರ್. ಅದರ ವ್ಯಾಲ್ಯೂ ಬರುವುದು ಸರ್ವರಿನ ಯಾವುದೋ ಡೈರೆಕ್ಟರಿಯಲ್ಲಿ ಕೂತ ಬರೀ ಟೆಕ್ಸ್ಟ್ ಫೈಲಿನಿಂದ. ಅದರಲ್ಲೊಂದು ಶೀರ್ಷಿಕೆ ಸಾಲು: ಚೌಕ ಕಂಸದೊಳಗೆ ಫೋಲ್ಡರ್ ಹೆಸರು, ಚುಕ್ಕೆ, ಡಬ್ಲ್ಯುಎಫ್, ಕೋಲನ್, ವರ್ಕ್‌ಫ್ಲೋ ಹೆಸರು, ಮತ್ತೆ ಚುಕ್ಕೆ, ಎಸ್‌ಟಿ, ಕೋಲನ್, ಸೆಷನ್ ಹೆಸರು. ಅದರ ಕೆಳಗೆ ಸಾಲಿಗೊಂದರಂತೆ ಪ್ಯಾರಾಮೀಟರ್‌ಗಳು.

ಈಗ ಯುಎಟಿಗೆ ಸಾಗಿಸುವಾಗ ಫೋಲ್ಡರ್ ಹೆಸರಿಗೊಂದು ಬಾಲ ಸೇರಿಕೊಂಡಿತು ಅಂದುಕೊಳ್ಳಿ. ಫೈಲೇ ಸಿಗದಿದ್ದರೆ ಸೆಷನ್ ಬಾಯಿಬಿಟ್ಟು ಕೂಗಿಕೊಂಡು ಬೀಳುತ್ತದೆ, ಅದು ಸರಿ. ಆದರೆ ಫೈಲ್ ಸಿಕ್ಕಿ, ಶೀರ್ಷಿಕೆ ಮಾತ್ರ ತಾಳೆಯಾಗದಿದ್ದರೆ? ಈ ಭಾಗ ನನ್ನದಲ್ಲ ಎಂದು ಪವರ್‌ಸೆಂಟರ್ ಸುಮ್ಮನೆ ದಾಟಿಹೋಗುತ್ತದೆ. ಮ್ಯಾಪಿಂಗ್‌ನಲ್ಲಿ ಆರಂಭಿಕ ವ್ಯಾಲ್ಯೂ ಕೊಟ್ಟಿದ್ದಾರೆಯೇ ಎಂದು ನೋಡುತ್ತದೆ. ಅದೂ ಇಲ್ಲವೆಂದರೆ ಡೇಟಾಟೈಪಿನ ಡಿಫಾಲ್ಟ್ ಹಿಡಿಯುತ್ತದೆ. ಸಂಖ್ಯೆಯಾದರೆ ಅದು 0. ಸೊನ್ನೆಗಿಂತ ದೊಡ್ಡದು ಎಂದರೆ ಇಡೀ ಟೇಬಲ್! ಟಾರ್ಗೆಟ್‌ನಲ್ಲಿ ತಡೆಯುವ ಕೀ ಇಲ್ಲದಿದ್ದರೆ ವರ್ಷಗಳ ವಹಿವಾಟು ಇನ್ನೊಮ್ಮೆ ಬಂದು ಕೂರುತ್ತದೆ. ವರ್ಕ್‌ಫ್ಲೋ ಮಾನಿಟರ್ ನೋಡಿದರೆ, ಸೆಷನ್ ಸಕ್ಸೀಡೆಡ್.

ಸತ್ಯ ಎಲ್ಲೂ ಇಲ್ಲವೆಂದಲ್ಲ, ಸೆಷನ್ ಲಾಗಿನಲ್ಲಿದೆ. ಎಲ್ಲ ನೆಟ್ಟಗಿದ್ದ ದಿನ ‘ಯೂಸ್ ಓವರ್‌ರೈಡ್ ವ್ಯಾಲ್ಯೂ’ ಎಂದಿರುವ ಜಾಗದಲ್ಲಿ ಇವತ್ತು ‘ಯೂಸ್ ಡಿಫಾಲ್ಟ್ ವ್ಯಾಲ್ಯೂ’ ಎಂದಿರುತ್ತದೆ. ಅದು ಎರರ್ ಅಲ್ಲ, ವಾರ್ನಿಂಗ್ ಕೂಡ ಅಲ್ಲ, ಲಾಗಿನ ಉದ್ದಕ್ಕೆ ಹರಡಿಕೊಂಡ ಮಾಹಿತಿ ಸಾಲುಗಳ ನಡುವೆ ಇನ್ನೊಂದು ಸಾಲು. ಹಸಿರಾದ ಸೆಷನ್ನಿನ ಲಾಗನ್ನು ಬೆಳಗಿನ ಜಾವ ಯಾವ ಆನ್‌ಕಾಲ್ ಹುಡುಗಿ ತೆರೆದು ಓದುತ್ತಾಳೆ? ಒಂದೇ ಫೈಲ್ ಹತ್ತು ವರ್ಕ್‌ಫ್ಲೋಗಳಿಗೆ ಬಳಕೆಯಾಗಲಿ ಎಂದೇ ಹೀಗೆ ಮಾಡಿದ್ದಾರೆ ಎಂಬ ಸಮರ್ಥನೆಯುಂಟು. ಆಗಲಿ. ಆದರೆ ಕೈಯಾರೆ ಒಂದು ಫೈಲ್ ಕೊಟ್ಟ ಮೇಲೂ ಅದರಿಂದ ಒಂದೇ ಒಂದು ವ್ಯಾಲ್ಯೂ ದಕ್ಕಲಿಲ್ಲವೆಂದರೆ, ಒಂದು ವಾರ್ನಿಂಗ್ ಕೊಡಲು ಏನಡ್ಡಿ?

ಅಂದರೆ ಶಿಸ್ತಿನ ಕುರುಹು ಎಂದು ಮೆರೆಸುವ ಆ ಫೋಲ್ಡರ್ ಹೆಸರು ರೆಪಾಸಿಟರಿಗೆ ಗೊತ್ತೇ ಇಲ್ಲದ ಟೆಕ್ಸ್ಟ್ ಫೈಲುಗಳಲ್ಲಿ ಬೀಗದ ಕೈಯಾಗಿ ಕೂತಿದೆ. ಪಿಎಂಸಿಎಂಡಿ ಕರೆಯುವ ಶೆಲ್ ಸ್ಕ್ರಿಪ್ಟುಗಳಲ್ಲೂ ಅದೇ ಹೆಸರು. ರೆಪಾಸಿಟರಿ ಮ್ಯಾನೇಜರಿನಲ್ಲಿ ಡಿಪೆಂಡೆನ್ಸಿ ಕೇಳಿದರೆ ಯಾವ ಮ್ಯಾಪಿಂಗ್ ಯಾವ ಸೋರ್ಸ್ ಬಳಸುತ್ತದೆಂದು ಚೆನ್ನಾಗಿ ತೋರಿಸುತ್ತದೆ, ಈ ನಂಟನ್ನು ಮಾತ್ರ ತೋರಿಸುವುದಿಲ್ಲ. ಎಲ್ಲ ಒಂದೇ ಕಡೆ ಇತ್ತು ಎನ್ನುವವರು ಪ್ರಾಜೆಕ್ಟಿನ ಅರ್ಧವನ್ನಷ್ಟೇ ಕಂಡಿದ್ದಾರೆ.

ನಿಜವಾಗಿ ಹೊಗಳಬೇಕಾದದ್ದು ಶೇರ್ಡ್ ಫೋಲ್ಡರ್ ಮತ್ತು ಶಾರ್ಟ್‌ಕಟ್. ಗ್ರಾಹಕರ ಟೇಬಲ್‌ನ ವ್ಯಾಖ್ಯೆ ಒಂದು ಕಡೆ, ಹತ್ತು ಪ್ರಾಜೆಕ್ಟುಗಳಲ್ಲಿ ಅದಕ್ಕೆ ಶಾರ್ಟ್‌ಕಟ್. ಮೂಲದಲ್ಲಿ ಕಾಲಂ ಬದಲಾದರೆ ಎಲ್ಲ ಕಡೆಯೂ ಬದಲಾಗುತ್ತದೆ, ಮುರಿದುಬಿದ್ದ ಮ್ಯಾಪಿಂಗ್ ಇನ್‌ವ್ಯಾಲಿಡ್ ಆಗಿ ಮುಖಕ್ಕೆ ರಾಚುತ್ತದೆ. ಉಪಕರಣವೇ ಹೊಣೆ ಹೊತ್ತು ಕಾಯುವ ಅಪರೂಪದ ಜಾಗವಿದು. ನಮ್ಮವರು ಇದನ್ನು ಬಳಸಿದ್ದು ಕಡಿಮೆ. ಇನ್ನೊಬ್ಬರ ಬದಲಾವಣೆಯಿಂದ ತಮ್ಮ ಕೋಡ್ ಕೆಡುವುದು ಯಾರಿಗೂ ಬೇಡ, ಕಾಪಿ ಹೊಡೆದುಕೊಂಡರೆ ನೆಮ್ಮದಿ. ಒಮ್ಮೆ ಶೇರ್ಡ್ ಎಂದು ಗುರುತು ಹಾಕಿದ ಫೋಲ್ಡರನ್ನು ಹಿಂದಕ್ಕೆ ತರಲಾಗದು ಎಂಬ ನಿಯಮವೂ ಭಯ ಹುಟ್ಟಿಸಿರಬೇಕು. ಡಿಪ್ಲಾಯ್‌ಮೆಂಟ್ ಗ್ರೂಪ್, ಲೇಬಲ್, ರೋಲ್‌ಬ್ಯಾಕ್ ಎಲ್ಲ ಇದ್ದವು, ಕೆಲಸಕ್ಕೂ ಬಂದವು. ಅಷ್ಟು ಹೇಳಿದರೆ ಸಾಕು.

ಇನ್ನು ವಿಮರ್ಶಕರ ವಿಷಯ. ಒಂದು ಪಂಗಡ ನೇಮಿಂಗ್ ಸ್ಟ್ಯಾಂಡರ್ಡಿನ ಭಕ್ತರದು. ಇವರ ರಿವ್ಯೂ ಎಂದರೆ ಲುಕಪ್‌ಗೆ ಎಲ್‌ಕೆಪಿ ಇದೆಯೇ, ಎಕ್ಸ್‌ಪ್ರೆಶನ್‌ಗೆ ಇಎಕ್ಸ್‌ಪಿ ಇದೆಯೇ ಎಂಬ ಎಣಿಕೆ. ಲುಕಪ್ ಒಳಗಿನ ಕ್ವೆರಿ ಹಾಳುಬಿದ್ದಿದ್ದರೂ ಹಣೆಗೆ ನಾಮ ನೆಟ್ಟಗಿದ್ದರೆ ಪಾಸು. ಸೆಷನ್ನಿಗೆ ಎಸ್ ಎಂಬ ಪ್ರಿಫಿಕ್ಸನ್ನು ಉಪಕರಣವೇ ತಾನಾಗಿ ಹಚ್ಚುತ್ತದೆ. ಅದನ್ನೂ ತಂಡದ ಶಿಸ್ತಿನ ಲೆಕ್ಕಕ್ಕೆ ಬರೆದುಕೊಂಡವರಿದ್ದಾರೆ.

ಇನ್ನೊಂದು ಪಂಗಡಕ್ಕೆ ಎಲ್ಲ ಕಾಯಿಲೆಗೂ ಗಿಟ್ ಒಂದೇ ಮದ್ದು. ಎಳೆದು ಬಿಡಿಸುವ ಚಿತ್ರ ಕೋಡೇ ಅಲ್ಲ, ಎಕ್ಸ್‌ಎಂಎಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಗಿಟ್‌ಗೆ ಹಾಕಿದ್ದರೆ ಮುಗಿಯಿತಲ್ಲ ಎನ್ನುತ್ತಾರೆ. ಹಾಕಿ ನೋಡಿದವರು ಹೀಗೆ ಹೇಳಲಾರರು. ಏನೂ ತಿದ್ದದೆ ಎರಡು ಸಲ ಎಕ್ಸ್‌ಪೋರ್ಟ್ ಮಾಡಿದರೂ ಫೈಲಿನ ತಲೆಯಲ್ಲೇ ಸೃಷ್ಟಿಯಾದ ಸಮಯ ಬೇರೆ, ಆದ್ದರಿಂದ ಡಿಫ್ ಯಾವಾಗಲೂ ಇದ್ದೇ ಇರುತ್ತದೆ. ಕೈಯಲ್ಲಿ ಮರ್ಜ್ ಮಾಡೋಣವೆಂದರೆ ಕೆಲವು ಆಬ್ಜೆಕ್ಟುಗಳಿಗೆ ಸಿಆರ್‌ಸಿ ಸಂಖ್ಯೆ ಅಂಟಿಕೊಂಡಿದೆ, ಅಂಥದ್ದನ್ನು ತಿದ್ದಿದರೆ ಇಂಪೋರ್ಟ್ ಒಪ್ಪುವುದಿಲ್ಲ. ಮೇಲಾಗಿ ಇವರು ಗಿಟ್‌ಗೆ ಹಾಕುವುದು ಮ್ಯಾಪಿಂಗುಗಳನ್ನು. ಪ್ರೊಡಕ್ಷನ್ ಸರ್ವರಿನಲ್ಲಿ ವಿಐ ತೆರೆದು ರಾತ್ರೋರಾತ್ರಿ ತಿದ್ದಿದ ಪ್ಯಾರಾಮೀಟರ್ ಫೈಲ್ ಯಾವ ಬ್ರಾಂಚಿನಲ್ಲಿದೆ? ಇಷ್ಟರ ನಡುವೆಯೂ ಲೋಡ್ ತಪ್ಪದೆ ನಡೆದದ್ದು, ಫೋಲ್ಡರ್ ಹೆಸರು ಎಲ್ಲೆಲ್ಲಿ ಹುದುಗಿದೆಯೆಂದು ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಇಟ್ಟುಕೊಂಡ ಸಪೋರ್ಟ್ ತಂಡದವರಿಂದ. ಕೀರ್ತಿ ಮಾತ್ರ ಪವರ್‌ಸೆಂಟರಿಗೆ ಸಂದಿತು.

ಕ್ಲೌಡ್ ಆವೃತ್ತಿಯಲ್ಲಿ ಪ್ರಾಜೆಕ್ಟ್ ಎಂಬುದೇ ಬೇರೆ ಬಂದಿದೆ, ಅದರೊಳಗೆ ಫೋಲ್ಡರ್. ಪ್ಯಾರಾಮೀಟರ್ ಫೈಲ್ ಅಲ್ಲೂ ಉಂಟು. ಅದರ ಶೀರ್ಷಿಕೆಯಲ್ಲಿ ಈಗ ಪ್ರಾಜೆಕ್ಟ್ ಹೆಸರು, ಫೋಲ್ಡರ್ ಹೆಸರು ಎರಡೂ ಸರಿಯಿರಬೇಕು. ಜೊತೆಗೆ ಫೈಲಿನ ಮೊದಲ ಸಾಲಿನಲ್ಲಿ ಹ್ಯಾಶ್ ಗುರುತು ಹಾಕಿ ‘ಯೂಸ್ ಸೆಕ್ಷನ್ಸ್’ ಎಂದು ಬರೆಯಬೇಕು. ಮರೆತರೆ ಗ್ಲೋಬಲ್ ಬಿಟ್ಟು ಮಿಕ್ಕ ಭಾಗಗಳನ್ನು ಅದು ಓದುವುದೇ ಇಲ್ಲ.