ಲಾಳಿ ಹಿಡಿದವನ ವಚನ

ಸುಗ್ಗಿಯ ದಿನಗಳಲ್ಲಿ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ನಿಂತರೆ ಹತ್ತಿಯ ಮಾತು ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ದೇವದುರ್ಗ, ಮಾನ್ವಿ ಕಡೆಯ ಎರೆಹೊಲದಲ್ಲಿ ಹತ್ತಿ ಬಿಡಿಸಿ, ಅಂಡಿಗೆ ತುಂಬಿ, ಗಾಡಿ ಹೇರಿ ತರುತ್ತಾರೆ. ಇಲ್ಲಿ ದಲಾಲಿ, ತೂಕ, ತೇವದ ತಕರಾರು. ಹತ್ತಿ ನಿಗಮದವರಾದರೆ ತೇವಾಂಶ ಶೇ. 8 ದಾಟಿದ ಮೇಲೆ ದರ ಇಳಿಸುತ್ತಾರೆ, 12 ದಾಟಿದರೆ ಮಾಲು ಮುಟ್ಟುವುದಿಲ್ಲ. ಆಮೇಲೆ ಜಿನ್ನು. ಕಾಳು ಬೇರೆ, ಅರಳೆ ಬೇರೆಯಾಗಿ ಬೇಲು ಲಾರಿ ಹತ್ತಿತೆಂದರೆ ಮಾತೂ ಮುಗಿಯಿತು. ನೂಲು, ಮಗ್ಗ, ಬಟ್ಟೆ ಎಲ್ಲ ಬೇರೆ ಊರಿನ ಕೆಲಸ. ಇಷ್ಟು ಹತ್ತಿ ಬೆಳೆಯುವ ಸೀಮೆಯಲ್ಲಿ ಹತ್ತಿಯ ಅರ್ಧ ಆಯುಷ್ಯಕ್ಕೆ ಮಾತ್ರ ಹೆಸರುಗಳಿವೆ.

ಉಳಿದರ್ಧದ ಹೆಸರುಗಳು ಬೇಕೆಂದರೆ ಕೃಷ್ಣೆ ದಾಟಿ ಸುರಪುರ ಸೀಮೆಯ ಮುದನೂರಿಗೆ ಹೋಗಬೇಕು. ಅಂದರೆ ಜೇಡರ ದಾಸಿಮಯ್ಯನನ್ನು ಓದಬೇಕು. ಬಸವಣ್ಣನಿಗಿಂತ ಹಿಂದಿನವನೆಂದು ಬಹುಮಂದಿ ಒಪ್ಪುವ ಈ ನೇಕಾರನದು ರಾಮನಾಥನೆಂಬ ಅಂಕಿತ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬನೋ ಇಬ್ಬರೋ ಎಂಬ ಜಗಳ ವಿದ್ವಾಂಸರಿಗಿರಲಿ. ನನಗೆ ಬೇಕಾದದ್ದು ಸೀರೆ ನೇಯುವ ಅವನ ಆ ಒಂದು ವಚನ. ನೇಯ್ದವನು ತಾನೋ ದೇವರೋ ಎಂಬ ಪ್ರಶ್ನೆಯಲ್ಲಿ ಮುಗಿಯುವ ಅದನ್ನು ವೇದಿಕೆಯ ಮೇಲೆ ಎಲ್ಲರೂ ಹೇಳುತ್ತಾರೆ. ಹೇಳುವವರೆಲ್ಲ ಕೊನೆಯ ಪ್ರಶ್ನೆಗೇ ಓಡುತ್ತಾರೆ. ಸೀರೆ ದೇಹವಂತೆ, ನೂಲು ಉಸಿರಂತೆ, ನೇಯುವವನು ಶಿವನಂತೆ! ವಚನದ ಮುಕ್ಕಾಲು ಭಾಗ ಮಗ್ಗದ ಮೇಲಿದೆ ಎಂಬುದನ್ನೇ ಮರೆಯುತ್ತಾರೆ.

ಆ ಮುಕ್ಕಾಲು ಭಾಗದಲ್ಲೇ ಅದರ ಹೆಚ್ಚುಗಾರಿಕೆ ಇರುವುದು. ಮೊದಲು ಉಂಕೆ ಬರುತ್ತದೆ. ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಎಳೆಗೆ ಎಳೆ ಅಂಟದಂತೆ ಕುಂಚದಿಂದ ತೀಡುವ ಕೆಲಸ ಅದು. ಒಬ್ಬರ ಕೈಯಲ್ಲಿ ಆಗುವಂಥದಲ್ಲ, ಮನೆಮಂದಿಯೆಲ್ಲ ಬೇಕು. ಬಿಸಿಲೇರುವ ಮುಂಚೆ ಮುಗಿಯಬೇಕು, ಇಲ್ಲದಿದ್ದರೆ ಗಂಜಿ ಒಣಗಿ ನೂಲು ಕಡ್ಡಿಯಾಗುತ್ತದೆ. ವಚನದಲ್ಲಿ ಉಂಕೆಯನ್ನು ಹಿಗ್ಗಿಸುವುದು, ಎಳೆಗಳನ್ನು ಸಮಮಾಡುವುದು, ಕಾಲು ಹೂಡುವುದು, ಲಾಳಿ ಹಿಡಿಯುವುದು ಇದೇ ಸರದಿಯಲ್ಲಿ ಬರುತ್ತವೆ. ಒಂದನ್ನು ಹಿಂದುಮುಂದು ಮಾಡಿದರೂ ಬಟ್ಟೆ ಆಗುವುದಿಲ್ಲ. ಕವಿ ಉಪಮೆಗಾಗಿ ಮಗ್ಗದ ಕಡೆ ಹೊರಳಿದ್ದರೆ ಈ ಸರದಿಯನ್ನು ಇಷ್ಟು ಜೋಪಾನವಾಗಿ ಕಾಯಬೇಕಾದ ಅಗತ್ಯವಿರಲಿಲ್ಲ.

ಲಾಳಿಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಎರಡೂ ತುದಿ ಚೂಪಾದ ಒಂದು ತುಂಡು, ನಡುವೆ ಟೊಳ್ಳು. ಟೊಳ್ಳಿನಲ್ಲಿ ಒಂದು ಮುಳ್ಳು, ಅಂದರೆ ಕಡ್ಡಿ. ಹೊಕ್ಕುನೂಲು ಸುತ್ತಿದ ಕಂಡಿಕೆಯನ್ನು ಆ ಮುಳ್ಳಿಗೆ ಏರಿಸುತ್ತಾರೆ. ಲಾಳಿ ಅತ್ತಿತ್ತ ಓಡಾಡಿದಂತೆ ಕಂಡಿಕೆ ಸಣಕಲಾಗುತ್ತ ಬಂದು ಕೊನೆಗೆ ಮುಳ್ಳೊಂದೇ ಉಳಿಯುತ್ತದೆ. ದಾಸಿಮಯ್ಯ ಮುಳ್ಳು ಕಂಡಿಕೆಯನ್ನು ನುಂಗಿತು ಅನ್ನುತ್ತಾನೆ. ಪಂಡಿತರು ಇದನ್ನು ಬೆಡಗು ಎಂದು ಕರೆದು ಯೋಗಶಾಸ್ತ್ರ ಬಿಚ್ಚುತ್ತಾರೆ. ದಿನಕ್ಕೆ ಹತ್ತಾರು ಕಂಡಿಕೆ ಬದಲಿಸುವವನಿಗೆ ಅದು ಕಣ್ಣೆದುರಿನ ಸಂಗತಿ. ಇನ್ನೊಂದು ಮಾತು: ಜಾನ್ ಕೇ ಎಂಬ ಇಂಗ್ಲಿಷಿನವನು ಹಗ್ಗ ಎಳೆದು ಲಾಳಿ ಹಾರಿಸುವ ಉಪಾಯ ಕಂಡುಕೊಂಡದ್ದು 1733ರಲ್ಲಿ. ಅದಕ್ಕೂ ಎಷ್ಟೋ ನೂರು ವರ್ಷ ಮೊದಲಿನ ನೇಕಾರ ಪ್ರತಿ ಎಳೆಗೂ ಲಾಳಿಯನ್ನು ಒಂದು ಕೈಯಿಂದ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿಯಬೇಕಿತ್ತು. ಲಾಳಿ ಹಿಡಿಯುವ ಮಾತು ವಚನದಲ್ಲಿ ಸುಮ್ಮನೆ ಬಂದಿಲ್ಲ. ‘ಲಾಳಿ: ನೇಯ್ಗೆಯ ಸಾಧನ’ ಎಂಬಂಥ ಅಡಿಟಿಪ್ಪಣಿ ಓದಿದ ಮಾನ್ವಿಯ ಹುಡುಗನಿಗೆ ಇದರಲ್ಲಿ ಏನೂ ದಕ್ಕುವುದಿಲ್ಲ. ಅದೇ ವಚನವನ್ನು ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನಿಗೆ ಓದಿ ಹೇಳಿ, ಅರ್ಥ ಬಿಡಿಸುವ ಪ್ರಸಂಗವೇ ಬರುವುದಿಲ್ಲ.

ಕಾಶಿಯ ಕಬೀರನೂ ನೇಕಾರನೇ. ಅವನ ಹೆಸರಿನಲ್ಲಿ ಹಾಡುವ ತೆಳುಚಾದರದ ಪದದಲ್ಲಿ ಇಡಾ, ಪಿಂಗಳಾ ಎಂಬ ಯೋಗದ ನಾಡಿಗಳೇ ಎಳೆಗಳಾಗುತ್ತವೆ. ಒಗಟೂ ಅವನದೇ, ಉತ್ತರವೂ ಅವನದೇ. ಪದ ಸೊಗಸಾಗಿದೆ, ಆದರೆ ಅದರಲ್ಲಿ ಮಗ್ಗ ಬೇಗ ಕಣ್ಮರೆಯಾಗುತ್ತದೆ. ದಾಸಿಮಯ್ಯ ಮಗ್ಗದಿಂದ ಏಳುವುದೇ ಇಲ್ಲ. ಆ ಕಾರಣಕ್ಕೆ ನನ್ನ ತಕ್ಕಡಿ ಮುದನೂರಿನ ಕಡೆಗೇ ವಾಲುತ್ತದೆ. ಹಾಗೆಂದು ಅವನ ವಚನಗಳೆಲ್ಲ ಹೀಗಿವೆ ಅಂದುಕೊಂಡರೆ ನಿರಾಶೆ ಕಾದಿದೆ. ನೂರೈವತ್ತಕ್ಕೂ ಮಿಕ್ಕಿದ ವಚನಗಳಲ್ಲಿ ಮಗ್ಗ ಕಾಣುವುದು ಅಪರೂಪ. ಗಾದೆಯಂಥ ಚುರುಕು ಮಾತು ಬಹಳ, ಕಸುಬಿನ ಮಾತು ಕಡಿಮೆ.

ದಾಸಿಮಯ್ಯ ಜಯಂತಿಯ ಭಾಷಣಗಳಿಗೆ ಮಾತ್ರ ತವನಿಧಿಯ ಕಥೆಯೇ ಬೇಕು. ಶಿವ ಮುದುಕನ ವೇಷದಲ್ಲಿ ಬಂದು ನೇಯ್ದ ಬಟ್ಟೆ ಕೇಳುತ್ತಾನೆ, ಹರಿದು ಚೂರು ಮಾಡುತ್ತಾನೆ, ಕಡೆಗೆ ಮೆಚ್ಚಿ ಎಂದೂ ಬರಿದಾಗದ ಅಕ್ಕಿ ಕೊಡುತ್ತಾನೆ. ಕಥೆ ರಂಜಕವೇನೋ ಹೌದು. ಆದರೆ ತವನಿಧಿ ಸಿಕ್ಕಮೇಲೆ ನೇಕಾರ ಮಗ್ಗಕ್ಕೆ ಯಾಕೆ ಕೂತಾನು? ಪುರಾಣ ಅವನನ್ನು ಕೆಲಸದಿಂದ ಬಿಡಿಸುತ್ತದೆ, ವಚನ ಕೆಲಸದ ನಡುವೆಯೇ ಕೂರಿಸಿ ಪ್ರಶ್ನೆ ಕೇಳಿಸುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುವವರು ಎರಡನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ಆ ಕೊನೆಯ ಪ್ರಶ್ನೆಯನ್ನು ಭಕ್ತಿಗಷ್ಟೇ ಕಟ್ಟಿಹಾಕುವುದೂ ಸರಿಯಲ್ಲ. ಇಳಕಲ್ಲಿನಲ್ಲಿ ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಅಣಿಮಾಡಬೇಕು. ಅಷ್ಟು ಮಾಡುವ ಎಷ್ಟೋ ನೇಕಾರರಿಗೆ ನೂಲು ಕೊಡುವವನು ಸಾಹುಕಾರ, ಬಣ್ಣ ಹೇಳುವವನು ಸಾಹುಕಾರ, ಸೀರೆ ಒಯ್ಯುವವನೂ ಅವನೇ. ನೇಕಾರನ ಪಾಲಿಗೆ ಮಜೂರಿ. ಅಂಗಡಿಯಲ್ಲಿ ಆ ಸೀರೆಗೆ ಊರಿನ ಹೆಸರಿದೆ, ಅಂಗಡಿಯ ಹೆಸರಿದೆ. ಈ ಸೀರೆ ನೇಯ್ದವರು ಯಾರು ಎಂದು ಅಲ್ಲಿ ಕೂತು ಕೇಳಿದರೆ ದಾಸಿಮಯ್ಯನ ಪ್ರಶ್ನೆಗೆ ಇನ್ನೊಂದು ಅರ್ಥ ಬರುತ್ತದೆ, ಅದಕ್ಕೆ ರಾಮನಾಥನ ಬದಲು ಸಾಹುಕಾರನೇ ಉತ್ತರ ಕೊಡಬೇಕಾಗುತ್ತದೆ.