ಸುಟ್ಟ ಪುಸ್ತಕದ ಉಳಿದ ಪ್ರತಿ

‘ಕೆಜಿಎಫ್’ ಚಿತ್ರದ ಎರಡು ಭಾಗಗಳನ್ನು ನೋಡಿದವರಿಗೆ ರಾಕಿ ನೆನಪಿರುತ್ತಾನೆ, ಅವನ ತಾಯಿ ನೆನಪಿರುತ್ತಾಳೆ, ಸಂಭಾಷಣೆಗಳಂತೂ ಬಾಯಿಪಾಠವಾಗಿರುತ್ತವೆ. ಇಡೀ ಕತೆ ಶುರುವಾಗುವುದು ಒಂದು ಪುಸ್ತಕದಿಂದ ಎಂಬುದನ್ನು ಮಾತ್ರ ಬಹಳ ಜನ ಮರೆತಿರುತ್ತಾರೆ. ಆನಂದ್ ಇಂಗಳಗಿ ಎಂಬ ಪತ್ರಕರ್ತ ‘ಎಲ್ ಡೊರಾಡೊ’ ಎಂಬ ಪುಸ್ತಕ ಬರೆದಿದ್ದಾನೆ. ಸರ್ಕಾರ ಅದನ್ನು ನಿಷೇಧಿಸಿ ಪ್ರತಿಗಳನ್ನು ಸುಡಿಸಿದೆ. ಹೇಗೋ ಉಳಿದುಕೊಂಡ ಒಂದು ಪ್ರತಿ ಟಿವಿ ವಾಹಿನಿಯ ಕೈಗೆ ಸಿಗುತ್ತದೆ. ಸಂಪಾದಕಿ ದೀಪಾ ಹೆಗ್ಡೆ ಪ್ರಶ್ನೆ ಕೇಳುತ್ತಾಳೆ, ಮುದುಕ ಇಂಗಳಗಿ ಹೇಳುತ್ತಾ ಹೋಗುತ್ತಾನೆ. ಅಂದರೆ ನಾವು ನೋಡುವುದೆಲ್ಲ ಪ್ರಭುತ್ವ ಮುಚ್ಚಿಟ್ಟದ್ದರ ಸೋರಿಕೆ. ಎರಡನೇ ಭಾಗದಲ್ಲೂ ಇದೇ ಕಟ್ಟು. ಇಂಗಳಗಿಯ ಮಗ ಹಸ್ತಪ್ರತಿ ಹಿಡಿದು ಮುಂದಿನ ಕತೆ ಹೇಳುತ್ತಾನೆ. ಕೊನೆಗೆ ಅಮೆರಿಕದ ಗೂಢಚಾರ ಸಂಸ್ಥೆಯ ಕಡತವೊಂದು ಪ್ರಧಾನಿಯ ಮೇಜಿಗೆ ಬರುತ್ತದೆ. ಕಡತ, ಕರಡು, ನಿಷೇಧಿತ ಪ್ರತಿ ಇಲ್ಲದಿದ್ದರೆ ಈ ಚಿತ್ರಕ್ಕೆ ನಿರೂಪಕನೇ ಇಲ್ಲ.

ಕನ್ನಡದ ಜನಪ್ರಿಯ ಸಿನಿಮಾ ಸರ್ಕಾರಿ ಗುಟ್ಟನ್ನು ಹೊರಗಿಡುವ ಕೆಲಸವನ್ನು ಇಷ್ಟು ನೆಚ್ಚಿಕೊಂಡದ್ದು ಹೆಚ್ಚಿಲ್ಲ. ಆದರೂ ಆ ಕೆಲಸದ ಬಗ್ಗೆ ಅದಕ್ಕೆ ಕುತೂಹಲವಿಲ್ಲ. ಪ್ರತಿಯನ್ನು ಉಳಿಸಿಕೊಂಡವರು ಯಾರು? ಯಾವ ಕಚೇರಿಯಿಂದ ಏನು ಹೊರಬಂತು? ಹೊರತಂದವರಿಗೆ ಏನಾಯಿತು? ಅದು ಹೊರಬಂದದ್ದರಿಂದ ಪೆಟ್ಟು ಬಿದ್ದದ್ದು ಯಾರಿಗೆ? ಚಿತ್ರ ಇಲ್ಲಿ ನಿಲ್ಲುವುದಿಲ್ಲ. ‘ಸರ್ಕಾರ ಸುಟ್ಟ ಪುಸ್ತಕ’ ಎಂದರೆ ಸಾಕು, ಒಳಗಿರುವುದೆಲ್ಲ ನಿಜ, ದೊಡ್ಡದು, ಕೇಳಲೇಬೇಕಾದ್ದು ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ಗುಟ್ಟು ಅನ್ನುವುದೇ ಇಲ್ಲಿ ಅಲಂಕಾರ. ಇದು ಪ್ರಶಾಂತ್ ನೀಲ್ ಅವರೊಬ್ಬರ ತಪ್ಪಲ್ಲ. ಪತ್ರಿಕೆಯಲ್ಲಿ ‘ಲಭ್ಯವಾದ ರಹಸ್ಯ ದಾಖಲೆಯ ಪ್ರಕಾರ’ ಎಂಬ ಸಾಲು ಕಂಡಾಗ ನಾವೂ ಹೀಗೆಯೇ ಓದುತ್ತೇವೆ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಗಾಡಿಯಲ್ಲಿ ನಮ್ಮ ಕೋರಮಂಡಲ್ ಒಂದು ಸಣ್ಣ ನಿಲ್ದಾಣ. ಹೆಸರು ಬಂದದ್ದು ಇಲ್ಲಿದ್ದ ಗಣಿಯಿಂದ. ಚಿತ್ರದ ನರಾಚಿಗೆ ಸೆಟ್ ಹಾಕಿದ್ದು ಇದೇ ಊರಿನ ಸೈನೇಡ್ ದಿಬ್ಬಗಳ ಮೇಲೆ. ಹಾಗಾಗಿ ಇಲ್ಲಿನವರು ಆ ಚಿತ್ರವನ್ನು ಎರಡು ಕಣ್ಣಿನಿಂದ ನೋಡುತ್ತಾರೆ: ದಿಬ್ಬ ಕಂಡಾಗ ಖುಷಿ, ಕತೆ ಕೇಳಿದಾಗ ‘ಇದು ಯಾವ ಊರಪ್ಪಾ’ ಎಂಬ ನಗು. ಸುಣ್ಣದ ಕಲ್ಲಿನ ಹೆಸರಲ್ಲಿ 99 ವರ್ಷದ ಗುತ್ತಿಗೆ ಪಡೆದು ಜಗತ್ತಿಗೆ ಗೊತ್ತಾಗದಂತೆ ಚಿನ್ನ ತೆಗೆಯುವ ಸೂರ್ಯವರ್ಧನ್ ಚಿತ್ರದಲ್ಲಿದ್ದಾನೆ. ನಿಜವಾದ ಚಿನ್ನದ ಗಣಿಯಲ್ಲಿ ಇಂಥ ಗುಟ್ಟು ಇರಲಿಲ್ಲ. 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಷೇರು ಮಾರಿದ್ದೇ ಲಂಡನ್ನಿನಲ್ಲಿ, ಎಲ್ಲರಿಗೂ ಕಾಣುವಂತೆ. ಎರಡು ಕಿಲೋಮೀಟರಿಗೂ ಆಳದಲ್ಲಿ ಟಾಟಾ ಸಂಸ್ಥೆಯ ಭೌತವಿಜ್ಞಾನಿಗಳು ನ್ಯೂಟ್ರಿನೊ ಹಿಡಿದಾಗ ಅದನ್ನೂ 1965ರಲ್ಲಿ ಪ್ರಕಟಿಸಿದರು. ಭೂಮಿಯ ಹೊಟ್ಟೆಯೊಳಗೆ ನಡೆದ ಕೆಲಸ ಬೇಗ ಬೆಳಕಿಗೆ ಬಂತು, ಮೇಲಿನ ಕಚೇರಿಯ ಕಡತಗಳಿಗೆ ಆ ಭಾಗ್ಯ ಇರಲಿಲ್ಲ.

ಗುಟ್ಟು ಇದ್ದದ್ದು ಬೇರೆ ಥರ. ಶಾಫ್ಟಿನಿಂದ ಮೇಲೆ ಬಂದ ಕಾರ್ಮಿಕನ ಮೈ ತಡಕುತ್ತಿದ್ದರು. ಅದಿರಿನ ಚೂರು ಅವನ ಬಳಿ ಸಿಕ್ಕರೆ ಅದು ಕಳವಲ್ಲವೆಂದು ತೋರಿಸುವ ಭಾರ ಅವನ ಮೇಲೆಯೇ. 1930ರಲ್ಲಿ ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಜಾನಕಿ ನಾಯರ್ ಅವರು ಹಳೆ ಮೈಸೂರಿನ ಕಾರ್ಮಿಕರ ಬಗ್ಗೆ ಬರೆದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಓದಿದವರಿಗೆ ಈ ಮುಷ್ಕರ ಗೊತ್ತಿರುತ್ತದೆ. ಕಾರ್ಮಿಕನ ಬಗ್ಗೆ ಕಂಪನಿಗೆ ಅವನ ಬೆರಳಿನ ಗೆರೆವರೆಗೂ ಗೊತ್ತಿರಬೇಕು. ಕಂಪನಿಯ ಬಗ್ಗೆ ಕಾರ್ಮಿಕನಿಗೆ ಗೊತ್ತಿರಬೇಕಾದ್ದು ಪಾಳಿಯ ಸೈರನ್ ಮಾತ್ರ.

1923ರ ಅಧಿಕೃತ ರಹಸ್ಯಗಳ ಕಾಯ್ದೆಯನ್ನು ಓದುವಾಗ ನನಗೆ ಈ ಶಾಫ್ಟಿನ ಬಾಯಿ ನೆನಪಾಗುತ್ತದೆ. ಅದರ 3ನೇ ಸೆಕ್ಷನ್ನಿನಲ್ಲಿ, ಆರೋಪಿಯ ಉದ್ದೇಶ ಕೆಟ್ಟದ್ದೆಂದು ತೋರಿಸಲು ನಿರ್ದಿಷ್ಟ ಕೃತ್ಯವನ್ನು ರುಜುವಾತು ಮಾಡಲೇಬೇಕೆಂದಿಲ್ಲ. ಅವನ ನಡವಳಿಕೆ, ಅವನು ಎಂಥವನೆಂದು ಗೊತ್ತಿರುವುದು ಸಾಕಾಗಬಹುದು. 5ನೇ ಸೆಕ್ಷನ್ ಕೊಟ್ಟವನನ್ನೂ ಹಿಡಿಯುತ್ತದೆ, ತೆಗೆದುಕೊಂಡವನನ್ನೂ ಹಿಡಿಯುತ್ತದೆ. ಹೊರಬಂದ ಕಾಗದದಲ್ಲಿ ಏನಿತ್ತು, ಅದು ಸಾರ್ವಜನಿಕರಿಗೆ ಬೇಕಿತ್ತೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ವಸಾಹತು ಕಾಲದ ಕಾಯ್ದೆ, ಸರಿ. ಅದು ಹೋಗಿ ಎಂಬತ್ತು ವರ್ಷ ಆಗಬೇಕಿತ್ತು.

ಈಗ ನಮ್ಮೂರಿಗೆ ತೀರಾ ಹತ್ತಿರದ ಸೋರಿಕೆಯ ಕತೆಗೆ ಬರುತ್ತೇನೆ. 1964ರಲ್ಲಿ ಶುರುವಾದ ಬೆಮೆಲ್ ಕೆಜಿಎಫ್‌ನಲ್ಲಿ ಚಿನ್ನದ ನಂತರದ ಅನ್ನ. 2012ರ ಮಾರ್ಚ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರು, ಬೆಮೆಲ್ ಮೂಲಕ ಸೇನೆಗೆ ಬರುತ್ತಿದ್ದ ಟಟ್ರಾ ಟ್ರಕ್ಕುಗಳ ವಿಷಯದಲ್ಲಿ ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಬಂದಿತ್ತೆಂದು ಪತ್ರಿಕಾ ಸಂದರ್ಶನದಲ್ಲಿ ಹೇಳಿದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಬೆಮೆಲ್ ನಗರದ ಟೀ ಅಂಗಡಿಗಳಲ್ಲಿ ದೊಡ್ಡವರು ಮಾತಾಡುತ್ತಿದ್ದುದು ಲಂಚದ ಬಗ್ಗೆಗಿಂತ ‘ಆರ್ಡರ್ ನಿಂತುಹೋಗುತ್ತಾ’ ಎಂಬುದರ ಬಗ್ಗೆ. ಅದಾಗಿ ಎರಡು ದಿನಕ್ಕೆ ಇನ್ನೊಂದು ಸ್ಫೋಟ. ಜನರಲ್ ಸಿಂಗ್ ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಮಾರ್ಚ್ 12ರಂದು ಬರೆದಿದ್ದ ರಹಸ್ಯ ಪತ್ರ ಪತ್ರಿಕೆಯಲ್ಲಿ ಬಂತು. ಟ್ಯಾಂಕುಗಳಿಗೆ ಮದ್ದುಗುಂಡಿಲ್ಲ, ವಾಯುರಕ್ಷಣಾ ವ್ಯವಸ್ಥೆಯ ಶೇಕಡ 97ರಷ್ಟು ಹಳತಾಗಿದೆ, ಕಾಲಾಳುಪಡೆಗೆ ರಾತ್ರಿ ಹೋರಾಡುವ ಸಲಕರಣೆ ಸಾಲದು ಎಂದೆಲ್ಲ ಅದರಲ್ಲಿತ್ತು. ರಕ್ಷಣಾ ಸಚಿವ ಎ.ಕೆ. ಆಂಟನಿ ಇದನ್ನು ದೇಶವಿರೋಧಿ ಕೃತ್ಯವೆಂದರು. ಪತ್ರ ಬರೆದ ಜನರಲ್ಲೇ ಸೋರಿಕೆಯನ್ನು ರಾಜದ್ರೋಹವೆಂದು ಕರೆದು, ಮಾಡಿದವರನ್ನು ನಿರ್ದಾಕ್ಷಿಣ್ಯವಾಗಿ ದಂಡಿಸಬೇಕೆಂದರು.

ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಲಂಚದ ಆರೋಪ ಸೋರಿಕೆಯಲ್ಲ. ಹೇಳಿದವರ ಹೆಸರು ಅದರ ಮೇಲಿತ್ತು. ತಡವಾಗಿ ಹೇಳಿದ್ದೇಕೆ, ಆಗಲೇ ಲಿಖಿತ ದೂರು ಕೊಡಲಿಲ್ಲವೇಕೆ ಎಂದು ಯಾರು ಬೇಕಾದರೂ ಅವರನ್ನು ಕೇಳಬಹುದಿತ್ತು, ಕೇಳಿದರು ಕೂಡ. ಪತ್ರಕ್ಕೆ ಹಾಗೆ ಯಾರೂ ಬಾಧ್ಯಸ್ಥರಿರಲಿಲ್ಲ. ಜನ್ಮದಿನಾಂಕದ ವಿವಾದದಲ್ಲಿ ಜನರಲ್ ಸುಪ್ರೀಂ ಕೋರ್ಟಿಗೆ ಹೋಗಿ ಅರ್ಜಿ ಹಿಂತೆಗೆದುಕೊಂಡದ್ದು ಹಿಂದಿನ ತಿಂಗಳಷ್ಟೇ. ಆದ್ದರಿಂದ ಕೆಲವರು ಇದನ್ನು ಸೇನಾ ಭವನದ ಸೇಡು ಎಂದರು, ಕೆಲವರು ಅವರನ್ನು ಸಿಕ್ಕಿಸಲು ಸರ್ಕಾರದ ಕಡೆಯವರೇ ಮಾಡಿದ್ದು ಎಂದರು. ವಾರಗಟ್ಟಲೆ ನಡೆದ ಚರ್ಚೆಯೆಲ್ಲ ‘ಯಾರು ಕೊಟ್ಟರು’ ಎಂಬುದರ ಸುತ್ತಲೇ. ಗುಂಡಿಲ್ಲದ ಟ್ಯಾಂಕಿನಲ್ಲಿ ಕೂತವನ ಬಗ್ಗೆ ಮಾತು ಕಡಿಮೆ.

ಶತ್ರುವಿಗೆ ತಿಳಿದುಹೋಯಿತು ಎಂಬ ವಾದ ಏನಾಯಿತು? 2015ರ ಮೇ ತಿಂಗಳಲ್ಲಿ ಮಹಾಲೇಖಪಾಲರ ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ಸೇನೆಯ ಮದ್ದುಗುಂಡುಗಳಲ್ಲಿ ಅರ್ಧದಷ್ಟು ವಿಧಗಳ ದಾಸ್ತಾನು ಹತ್ತು ದಿನದ ಯುದ್ಧಕ್ಕೂ ಸಾಲದೆಂದು ಅದರಲ್ಲೇ ಅಚ್ಚಾಗಿತ್ತು. 2012ರಲ್ಲಿ ದೇಶದ್ರೋಹವಾಗಿದ್ದ ಸಂಗತಿ ಮೂರು ವರ್ಷಕ್ಕೆ ಲೆಕ್ಕಪರಿಶೋಧನೆಯಾಯಿತು, ಅದೂ ಇನ್ನಷ್ಟು ವಿವರವಾಗಿ. ಹಾಗಾದರೆ ಪತ್ರ ಸೋರಿದ್ದು ಸರಿಯೇ? ಅದರಲ್ಲಿದ್ದ ವಿಷಯ ನಮಗೆ ಗೊತ್ತಾಗಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ಹೊರಗೆ ಬಿಟ್ಟ ರೀತಿಯನ್ನು ಮೆಚ್ಚಲಾರೆ. ಕೊಟ್ಟವರು ನಮಗೆ ಒಂದು ಮಾಹಿತಿ ಕೊಟ್ಟು ಅದರ ಜೊತೆಗೇ ಅನುಮಾನದ ಮೂಟೆಯನ್ನೂ ಕೊಟ್ಟರು, ಮತ್ತು ಆ ಮೂಟೆಯಡಿ ಮಾಹಿತಿ ಹೂತುಹೋಯಿತು. ಡೇನಿಯಲ್ ಎಲ್ಸ್‌ಬರ್ಗ್ 1971ರಲ್ಲಿ ವಿಯೆಟ್ನಾಂ ಯುದ್ಧದ ಸುಮಾರು 7,000 ಪುಟಗಳ ಕಡತವನ್ನು ನಕಲು ಮಾಡಿ ಪತ್ರಿಕೆಗಳಿಗೆ ಕೊಟ್ಟಾಗ ಎರಡು ಕೆಲಸ ಮಾಡಿದ್ದರು. ತಾವೇ ಬಂದು ಶರಣಾದರು. ಮತ್ತೆ, ಶಾಂತಿ ಮಾತುಕತೆಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಪತ್ರಿಕೆಗಳಿಗೆ ಕೊಡಲೇ ಇಲ್ಲ. ಅವರನ್ನು ಹೊಗಳುವವರು ಮೊದಲನೆಯದನ್ನು ನೆನೆಯುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಎರಡನೆಯದು. ಕಡತವನ್ನು ಪುಟಪುಟ ಓದಿ, ಯಾವುದು ಯಾರ ಜೀವಕ್ಕೆ ತಾಗುತ್ತದೆಂದು ತೂಗಿ, ಕೆಲವನ್ನು ಹಿಂದಿಟ್ಟುಕೊಂಡದ್ದು.

ಕರ್ನಾಟಕದಲ್ಲಿ ಸೋರಿಕೆಯೆಂದರೆ ಹೆಚ್ಚಿನವರಿಗೆ ನೆನಪಾಗುವುದು 2011ರ ಜುಲೈ. ಅದೂ ಗಣಿಯದೇ ವಿಷಯ, ಚಿನ್ನದ್ದಲ್ಲ, ಬಳ್ಳಾರಿಯ ಕಬ್ಬಿಣದ್ದು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಎರಡನೇ ವರದಿ ಸರ್ಕಾರಕ್ಕೆ ಸಲ್ಲಿಕೆಯಾದದ್ದು ಜುಲೈ 27ಕ್ಕೆ. ಅದಕ್ಕೆ ಕೆಲವು ದಿನ ಮೊದಲೇ ಮುಖ್ಯ ಅಂಶಗಳು ಟಿವಿಯಲ್ಲಿ ಓಡುತ್ತಿದ್ದವು. ಮುಖ್ಯಮಂತ್ರಿ ಯಡಿಯೂರಪ್ಪ ಆಗ ಮಾರಿಷಸ್‌ನಲ್ಲಿದ್ದರು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವೆಂದು ವರದಿ ಲೆಕ್ಕ ಹಾಕಿತ್ತು. ಜುಲೈ 31ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ತಮ್ಮ ದೂರವಾಣಿಯನ್ನೇ ಕದ್ದಾಲಿಸಲಾಗಿದೆ ಎಂದು ಹೆಗ್ಡೆ ದೂರಿದ್ದರು.

ಈ ಸೋರಿಕೆಯನ್ನು ಮೆಚ್ಚುವ ಗೆಳೆಯರು ನನಗಿದ್ದಾರೆ, ಅವರ ಜೊತೆ ಈ ವಾದ ಮುಗಿದಿಲ್ಲ. ನನ್ನ ತಕರಾರು ಇಷ್ಟು: ವರದಿ ಹೇಗೂ ಬರುವುದಿತ್ತು. ಬರೆದವರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಅವರಿಗೆ ಬೆದರಿಕೆಗೆ ಬಗ್ಗುವ ಅಭ್ಯಾಸವಿರಲಿಲ್ಲ. ಒಂದು ವಾರ ಕಾಯಬಹುದಾಗಿದ್ದ ಕಾಗದವನ್ನು ಮುಂಚೆ ಹರಿಯಬಿಟ್ಟಾಗ, ಆರೋಪಿಗಳಿಗೆ ‘ನಮ್ಮನ್ನು ಮಾಧ್ಯಮದಲ್ಲೇ ವಿಚಾರಣೆ ಮಾಡಿ ಮುಗಿಸಿದರು’ ಎನ್ನುವ ಮಾತು ಪುಕ್ಕಟೆ ಸಿಕ್ಕಿತು. 2012ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ವರದಿಯ ಆಧಾರದ ಎಫ್‌ಐಆರ್ ರದ್ದು ಮಾಡಿತು. ಅದಕ್ಕೆ ಸೋರಿಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಟಿವಿಯಲ್ಲಿ ಗೆದ್ದ ಪ್ರಕರಣ ಎಂದುಕೊಂಡಿದ್ದವರಿಗೆ ನ್ಯಾಯಾಲಯದ ದಾರಿ ಬೇರೆಯೆಂದು ಆಗ ಗೊತ್ತಾಯಿತು.

ಗೆಳೆಯರ ಉತ್ತರವೂ ಗಟ್ಟಿಯಾಗಿದೆ. ಮೊದಲ ವರದಿ 2008ರ ಡಿಸೆಂಬರ್‌ನಲ್ಲೇ ಸಲ್ಲಿಕೆಯಾಗಿತ್ತು, ಏನಾಯಿತು? ಸರ್ಕಾರದ ಅಸಡ್ಡೆಗೆ ಬೇಸತ್ತು 2010ರ ಜೂನ್‌ನಲ್ಲಿ ಹೆಗ್ಡೆ ರಾಜೀನಾಮೆಯನ್ನೇ ಕೊಟ್ಟು, ಆಮೇಲೆ ವಾಪಸ್ ತೆಗೆದುಕೊಂಡರಲ್ಲವೇ? ಕಪಾಟಿಗೆ ಹೋಗುವ ವರದಿಯನ್ನು ಬೀದಿಗೆ ತಂದರೆ ತಪ್ಪೇನು? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. 2008ರ ವರದಿ ಕಪಾಟಿನಲ್ಲಿ ಕೂತಿದ್ದಾಗ ಯಾರಾದರೂ ಅದರ ಮೇಲಿನ ಟಿಪ್ಪಣಿ ಹಾಳೆಗಳನ್ನು, ಅಂದರೆ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಿ ಎಲ್ಲಿ ನಿಂತಿತು ಎಂಬುದನ್ನು ಹೊರತಂದಿದ್ದರೆ, ನಾನು ಎರಡು ಕೈಯೆತ್ತಿ ಮುಗಿಯುತ್ತಿದ್ದೆ. ಅಂಥ ಹಾಳೆ ತಾನಾಗಿ ಯಾವತ್ತೂ ಬರುವುದಿಲ್ಲ.

ಕಾನೂನು ಸ್ವಲ್ಪ ಮುಂದೆ ಬಂದಿದೆ. ಮಾಹಿತಿ ಹಕ್ಕು ಕಾಯ್ದೆಯ 8(2) ಪ್ರಕಾರ, ಬಹಿರಂಗದಿಂದಾಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ 1923ರ ಕಾಯ್ದೆ ಅಡ್ಡ ಬರುವಂತಿಲ್ಲ. ರಫೇಲ್ ಪ್ರಕರಣದಲ್ಲಿ ‘ದಿ ಹಿಂದೂ’ ಪ್ರಕಟಿಸಿದ್ದ ಕಡತಗಳನ್ನು ನೋಡಲೇಬಾರದೆಂದು ಸರ್ಕಾರ ವಾದಿಸಿದಾಗ, 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಪತ್ರಿಕೆಗೆ, ಅರ್ಜಿದಾರರಿಗೆ ಸಿಕ್ಕ ರಕ್ಷಣೆ. ಕಡತ ತೆಗೆದುಕೊಟ್ಟ ಕೈಗೆ ಏನಿದೆ? ಅಕ್ರಮ ಬಯಲು ಮಾಡುವವರ ರಕ್ಷಣೆಗೆಂದು 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯ್ದೆಯನ್ನು ಜಾರಿಗೆ ತಂದೇ ಇಲ್ಲ.

ಎಲ್ಸ್‌ಬರ್ಗ್ ಹಾರ್ವರ್ಡ್‌ನಲ್ಲಿ ಓದಿದವರು. ಸಿಂಗ್ ಸೇನೆಯ ಮುಖ್ಯಸ್ಥರು. ಸೋರಿಕೆಯ ನೀತಿಶಾಸ್ತ್ರವನ್ನು ನಾವು ಕಲಿತಿರುವುದು ಇಂಥವರ ಕತೆಗಳಿಂದ. ಜೆರಾಕ್ಸ್ ಮಾಡಿಕೊಡುವ ಗುಮಾಸ್ತ, ಟೈಪಿಸ್ಟ್, ಗುತ್ತಿಗೆ ಮೇಲಿನ ಡೇಟಾ ಎಂಟ್ರಿ ಹುಡುಗಿ ಇವುಗಳಲ್ಲಿ ಇಲ್ಲ. ಹೆಸರು ಹೇಳಿಕೊಂಡು ಮುಂದೆ ಬಾ ಎಂದು ಅವರನ್ನು ಒತ್ತಾಯಿಸುವುದು ನನ್ನಂಥ ಫೆಲೋಶಿಪ್ ಪಡೆಯುವವರಿಗೆ ಸುಲಭ. ಸಿಂಗ್ ಪತ್ರದ ವಿಷಯದಲ್ಲಿ ನಾನು ಹಾಕಿದ ಅಳತೆಯನ್ನು ಅವರ ಮೇಲೆ ಹಾಕಲಾರೆ. ಅಧಿಕಾರದ ಕೋಣೆಯಿಂದ ಬರುವ ಕಾಗದ ತನ್ನ ಹೆಸರು ಹೇಳಬೇಕು, ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತವನ ಕೈಯಿಂದ ಬಂದದ್ದು ಹೇಳಬೇಕಾಗಿಲ್ಲ. ‘ಕೆಜಿಎಫ್’ ಎರಡನೇ ಭಾಗದ ಕೊನೆಯಲ್ಲಿ ಮೂರನೇ ಅಧ್ಯಾಯದ ಕರಡು ಸಿಗುವುದು ವಾಹಿನಿಯ ಒಬ್ಬ ಜವಾನನಿಗೆ. ಚಿತ್ರಕ್ಕೆ ಅದು ಮುಂದಿನ ಭಾಗದ ಜಾಹೀರಾತು. ನನಗೆ ಮಾತ್ರ ಐದು ತಾಸಿಗೂ ಹೆಚ್ಚಿನ ಕತೆಯಲ್ಲಿ ಇವನನ್ನು ಹಿಂಬಾಲಿಸಬೇಕಿತ್ತು ಅನ್ನಿಸಿತು.

ನರಾಚಿಯ ಕೂಲಿಗಳಿಗೆ ಜಾತಿಯಿಲ್ಲ, ಮನೆಮಾತಿಲ್ಲ. ಇಲ್ಲಿನ ಲೈನ್ ಮನೆಗಳಲ್ಲಿ ಇದ್ದವರು, ಈಗಲೂ ಇರುವವರು ಬಹುತೇಕ ತಮಿಳು ಮಾತಾಡುವ ದಲಿತರು. ಅವರ ಬಗ್ಗೆ ಸರ್ಕಾರ ಬರೆದಿಟ್ಟದ್ದು ಇಂಗ್ಲಿಷಿನಲ್ಲಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಒಟ್ಟು 13 ದಿಬ್ಬ, ಸಾವಿರ ಎಕರೆ, ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣು. ಅದರಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಟನ್ನಿಗೆ ಎಷ್ಟು ಗ್ರಾಂ ಚಿನ್ನವಿದೆ ಎಂಬ ಲೆಕ್ಕವಿಲ್ಲದೆ ಯಾರೂ ಟೆಂಡರ್ ಹಾಕುವುದಿಲ್ಲ, ಹಾಗಾಗಿ ಆ ಲೆಕ್ಕ ತಪ್ಪದೆ ಹೊರಬರುತ್ತದೆ. ಅದೇ ಮಣ್ಣನ್ನು ಅಗೆದು ಸಾಗಿಸುವಾಗ ಏಳುವ ದೂಳಿನಲ್ಲಿ ಏನಿದೆ, ಗಾಳಿ ಬೀಸುವ ತಿಂಗಳುಗಳಲ್ಲಿ ಅದು ಯಾವ ಲೈನಿನವರೆಗೆ ಬರುತ್ತದೆ ಎಂಬುದನ್ನೂ ಯಾವುದೋ ಕಚೇರಿ ಅಳೆಯಬೇಕು. ಅಳೆದ ಕಾಗದ ಕೋರಮಂಡಲಿನವರಿಗೂ ಮಾರಿಕುಪ್ಪದವರಿಗೂ ಕನ್ನಡದಲ್ಲಿ, ತಮಿಳಿನಲ್ಲಿ ಸಿಗಬೇಕು, ಅದೂ ಟೆಂಡರಿಗೆ ಮೊದಲು.